ಮೂಡಬಿದಿರೆಯ ಧವಲಾ ಹಸ್ತಪ್ರತಿ ಮತ್ತು ಮಿತಿಯ ಗಣಿತ

ಕ್ರಿ.ಶ. ೧೮೦೧ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳ ಮಾರ್ಗವಾಗಿ ಕಾರ್ಕಳದ ಕಡೆಗೆ ಸಾಗಿದನು. ಬಿತ್ತನೆಯ ಕ್ರಮ, ಗೇಣಿ, ಅಕ್ಕಿಯ ಮುಡಿಯ ಲೆಕ್ಕ, ಜೈನರ ಆಚಾರ, ಬಸದಿಗಳು ಇವೆಲ್ಲ ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಎಡೆ ಪಡೆದಿವೆ. ತುಳುನಾಡಿನ ಸಾಮಾಜಿಕ ಇತಿಹಾಸವನ್ನು ಬರೆಯುವವರು ಈ ದಾರಿಯನ್ನು ಮತ್ತೆ ಮತ್ತೆ ತುಳಿದಿದ್ದಾರೆ. ಆದರೆ ಅದೇ ದಾರಿಯಲ್ಲಿದ್ದ ಒಂದು ಗಣಿತಸಂಪತ್ತು ಬುಕಾನನನ ಕಣ್ಣಿಗೆ ಬೀಳಲಿಲ್ಲ. ಬೀಳುವುದು ಸಾಧ್ಯವೂ ಇರಲಿಲ್ಲ. ಮೂಡಬಿದಿರೆಯ ಗುರು ಬಸದಿಯಲ್ಲಿ, ಅಂದರೆ ಸಿದ್ಧಾಂತ ಬಸದಿಯಲ್ಲಿ, ಪೂಜಾವಸ್ತುವಾಗಿ ಕಾಪಾಡಲ್ಪಟ್ಟ ಧವಲಾ ಟೀಕೆಯ ತಾಳೆಗರಿಗಳಲ್ಲಿ ಒಂದು ಘನಾಕೃತಿಯ ಗಾತ್ರವನ್ನು ಕೊನೆಯಿಲ್ಲದ ಭಾಗಗಳ ಮೊತ್ತವಾಗಿ ಕಂಡುಹಿಡಿದ ಲೆಕ್ಕವೊಂದಿದೆ. ಇಂದು ಪದವಿಪೂರ್ವ ತರಗತಿಯ ವಿದ್ಯಾರ್ಥಿ ಕಲನಶಾಸ್ತ್ರದ ಬಾಗಿಲಲ್ಲಿ 'ಲಿಮಿಟ್' ಎಂಬ ಹೆಸರಿನಲ್ಲಿ ಎದುರುಗೊಳ್ಳುವ ಪ್ರಶ್ನೆಗೆ ಈ ಲೆಕ್ಕವು ನೇರವಾಗಿ ಸಂಬಂಧಿಸಿದೆ.

ಈ ಸಂಬಂಧವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕಲನಶಾಸ್ತ್ರವೆಲ್ಲವೂ ನಮ್ಮ ತಾಳೆಗರಿಗಳಲ್ಲಿ ಮೊದಲೇ ಇತ್ತೆಂಬುದು ಒಂದು. ಆಗಮಗ್ರಂಥದಲ್ಲಿ ಧರ್ಮವಿಚಾರವಲ್ಲದೆ ಗಣಿತವೆಲ್ಲಿಯದು ಎಂಬುದು ಇನ್ನೊಂದು. ಎರಡೂ ಗ್ರಂಥವನ್ನು ತೆರೆಯದೆ ಆಡುವ ಮಾತುಗಳೇ. ಧವಲೆಯ ಕರ್ತೃ ವೀರಸೇನನು ಒಂದು ಮಿತಿಯ ಬೆಲೆಯನ್ನು ಸರಿಯಾಗಿ ಕಂಡುಹಿಡಿದನು. ಆದರೆ ಮಿತಿ ಎಂದರೇನೆಂದು ಕೇಳಲಿಲ್ಲ. ಆತ ಮಾಡಿದ್ದೇನು, ಮಾಡದೆ ಬಿಟ್ಟಿದ್ದೇನು ಎಂಬುದನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಮಿತಿ ಎಂಬ ಪರಿಕಲ್ಪನೆಯನ್ನು ಸರಳವಾಗಿ ಹೇಳಿಕೊಳ್ಳೋಣ. ಒಂದು ಸಂಖ್ಯೆಯ ವರ್ಗದಿಂದ ಒಂದನ್ನು ಕಳೆದು, ಬಂದುದನ್ನು ಆ ಸಂಖ್ಯೆಗಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಭಾಗಿಸುವುದೆಂದು ಇಟ್ಟುಕೊಳ್ಳೋಣ. ಸಂಖ್ಯೆ ೧.೧ ಆದರೆ ಉತ್ತರ ೨.೧, ೧.೦೧ ಆದರೆ ೨.೦೧, ೧.೦೦೧ ಆದರೆ ೨.೦೦೧. ಆದರೆ ಸಂಖ್ಯೆಯನ್ನು ೧ ಎಂದೇ ಇಟ್ಟರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಲೆಕ್ಕ ನಿಂತುಹೋಗುತ್ತದೆ. ಆ ತಾಣವನ್ನು ಮುಟ್ಟದೆಯೇ ಅದರತ್ತ ಸಾಗುವಾಗ ಉತ್ತರವು ಯಾವ ಬೆಲೆಯತ್ತ ಸಾಗುತ್ತದೆಯೋ ಅದು ಮಿತಿ. ಇಲ್ಲಿ ಅದು ೨. ಕೊನೆಯಿಲ್ಲದ ಶ್ರೇಢಿಯ ಮೊತ್ತವೂ ಇದೇ ಬಗೆಯದು. ಪದಗಳನ್ನು ಕೂಡುತ್ತ ಹೋದಂತೆ ಮೊತ್ತವು ಒಂದು ಬೆಲೆಯನ್ನು ಮೀರದೆ, ಅದಕ್ಕೆ ಬೇಕಾದಷ್ಟು ಹತ್ತಿರ ಬರುವುದಾದರೆ, ಆ ಬೆಲೆಯೇ ಶ್ರೇಢಿಯ ಮೊತ್ತ.

ಇದಕ್ಕೆ ಜನಬಳಕೆಯಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಕನ್ನಡನಾಡಿನ ಹಳೆಯ ನಾಣ್ಯಲೆಕ್ಕದಲ್ಲಿ ಹಣದ ನಾಲ್ಕನೆಯ ಒಂದು ಪಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ, ಅರುವತ್ತನಾಲ್ಕನೆಯ ಒಂದು ಪಾಲು ಕಾಣಿ. ಅಂದರೆ ಹಾಗದ ಕಾಲುಭಾಗ ವೀಸ, ವೀಸದ ಕಾಲುಭಾಗ ಕಾಣಿ. ಧಾನ್ಯದ ಅಳತೆಯಲ್ಲೂ ಇದೇ ಜಾಡು: ಸೇರಿನ ಕಾಲುಭಾಗ ಪಾವು, ಪಾವಿನ ಕಾಲುಭಾಗ ಚಟಾಕು. ಹಿರಿಯ ಅಳತೆಗಳಿಗೆ ಬಂದಾಗ ತುಳುನಾಡು ಈ ಜಾಡನ್ನು ಬಿಡುತ್ತದೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಹೀಗೆ ಮುಡಿಗೆ ನಲವತ್ತೆರಡು ಸೇರು ಎಂಬುದು ಇಲ್ಲಿಯ ಸಾಮಾನ್ಯ ಕ್ರಮ. ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬರುವವರೆಗೂ ಬಂಟ್ವಾಳ, ಬೆಳ್ತಂಗಡಿ ಸೀಮೆಯ ಗೇಣಿದಾರರಿಗೆ ಈ ಮುಡಿಯ ಲೆಕ್ಕ ಬದುಕಿನ ಲೆಕ್ಕವೇ ಆಗಿತ್ತು. ನೇತ್ರಾವತಿಯ ದಂಡೆಯ ಬಂಟ್ವಾಳ ಪೇಟೆಯಿಂದ ದೋಣಿಯಲ್ಲಿ ಮಂಗಳೂರಿಗೆ ಇಳಿಯುತ್ತಿದ್ದ ಅಕ್ಕಿಯೂ ಮುಡಿಯಲ್ಲೇ ಎಣಿಕೆಯಾಗುತ್ತಿತ್ತು.

ಈಗ ಹಾಗ, ವೀಸ, ಕಾಣಿಗಳನ್ನು ಕೂಡಿ ನೋಡೋಣ. ಒಂದು ಹಣದಲ್ಲಿ ಅರುವತ್ತನಾಲ್ಕು ಕಾಣಿ. ಹಾಗಕ್ಕೆ ಹದಿನಾರು, ವೀಸಕ್ಕೆ ನಾಲ್ಕು, ಕಾಣಿಗೆ ಒಂದು. ಒಟ್ಟು ಇಪ್ಪತ್ತೊಂದು ಕಾಣಿ. ಹಣದ ಮೂರನೆಯ ಒಂದು ಪಾಲೆಂದರೆ ಇಪ್ಪತ್ತೊಂದು ಕಾಣಿಯ ಮೇಲೆ ಕಾಣಿಯ ಮೂರನೆಯ ಒಂದು ಪಾಲು. ಅಂದರೆ ಮೂರು ಪದಗಳ ಮೊತ್ತಕ್ಕೂ ಮೂರನೆಯ ಒಂದು ಪಾಲಿಗೂ ಇರುವ ಅಂತರವು ಕೊನೆಯಲ್ಲಿ ಕೂಡಿದ ಪಾಲಿನ ಮೂರನೆಯ ಒಂದು ಭಾಗ ಮಾತ್ರ. ಕಾಣಿಯ ಕಾಲನ್ನೂ, ಅದರ ಕಾಲನ್ನೂ ಕೂಡುತ್ತ ಹೋದರೂ ಈ ನಿಯಮ ಬದಲಾಗುವುದಿಲ್ಲ. ಅಂತರ ಪ್ರತಿ ಸಲವೂ ಕೊನೆಯ ಪಾಲಿನ ಮೂರರಲ್ಲೊಂದಾಗಿಯೇ ಉಳಿದು, ಪಾಲಿನೊಡನೆ ತಾನೂ ಸಣ್ಣದಾಗುತ್ತ ಹೋಗುತ್ತದೆ. ಹೀಗೆ ಕಾಲು, ಕಾಲಿನ ಕಾಲು ಎಂಬ ಕೊನೆಯಿಲ್ಲದ ಶ್ರೇಢಿಯ ಮಿತಿ ಮೂರರಲ್ಲೊಂದು. ವ್ಯವಹಾರದಲ್ಲಿ ಜನ ಕಾಣಿಯ ಕೆಳಗೆ ಇಳಿಯುವುದು ಅಪರೂಪ. ಇಳಿಯಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಧವಲೆಯ ಲೆಕ್ಕದಲ್ಲಿ ನಾವು ಕಾಣುವುದು ಈ ಕಾಲು ಕಾಲಿನ ಶ್ರೇಢಿಯನ್ನೇ ಆದುದರಿಂದ ಈ ಮಾತನ್ನು ಇಲ್ಲಿ ಮೊದಲೇ ಹೇಳಬೇಕಾಯಿತು.

ಪುಷ್ಪದಂತ, ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನನು ಬರೆದ ವಿಸ್ತಾರವಾದ ಟೀಕೆಯೇ ಧವಲಾ. ಇದರ ಪ್ರಮಾಣ ಎಪ್ಪತ್ತೆರಡು ಸಾವಿರ ಗ್ರಂಥಗಳೆಂದು ಪರಂಪರೆ ಹೇಳುತ್ತದೆ. ಭಾಷೆ ಸಂಸ್ಕೃತ ಬೆರೆತ ಪ್ರಾಕೃತ, ಕಾಲ ರಾಷ್ಟ್ರಕೂಟರದು, ಮುಗಿದ ವರ್ಷ ಕ್ರಿ.ಶ. ೮೧೬ ಎಂಬುದು ವಿದ್ವಾಂಸರಲ್ಲಿ ಹೆಚ್ಚು ಮಾನ್ಯವಾದ ಅಭಿಪ್ರಾಯ. ವೀರಸೇನನು ಆರಂಭಿಸಿದ ಜಯಧವಲೆಯನ್ನು ಅವನ ಶಿಷ್ಯ ಜಿನಸೇನನು ೮೩೭ರಲ್ಲಿ ಪೂರ್ಣಗೊಳಿಸಿದನು. ಈ ಗ್ರಂಥಗಳ ಹಳೆಯ ತಾಳೆಗರಿ ಪ್ರತಿಗಳು ಉಳಿದುದು ಮೂಡಬಿದಿರೆಯೊಂದರಲ್ಲೇ. ಹಳಗನ್ನಡ ಲಿಪಿಯಲ್ಲಿರುವ, ವರ್ಣಚಿತ್ರಗಳಿಂದಲೂ ಪ್ರಸಿದ್ಧವಾದ ಈ ಗರಿಗಳು ಹನ್ನೆರಡನೆಯ ಶತಮಾನದವು ಎಂದು ಗುರುತಿಸಲಾಗಿದೆ. ಕಲಾ ಇತಿಹಾಸಕಾರರು ಆ ಚಿತ್ರಗಳ ಬಗೆಗೆ ಬರೆದಷ್ಟನ್ನು ಪಕ್ಕದ ಸಾಲುಗಳ ಗಣಿತದ ಬಗೆಗೆ ಕನ್ನಡದಲ್ಲಿ ಬರೆದವರು ಕಡಿಮೆ.

ಗಣಿತವು ಇಲ್ಲಿ ಗಣಿತಕ್ಕಾಗಿ ಬಂದುದಲ್ಲ. ಲೋಕದ ಆಕಾರದ ಬಗೆಗಿನ ವಾದವೊಂದರಲ್ಲಿ ಸಾಕ್ಷಿಯಾಗಿ ಬಂದುದು. ಜೈನ ಲೋಕವಿಚಾರದಂತೆ ಲೋಕದ ಎತ್ತರ ಹದಿನಾಲ್ಕು ರಜ್ಜು. ಬುಡದಲ್ಲಿ ಅಗಲ ಏಳು ರಜ್ಜು. ಏಳು ರಜ್ಜು ಮೇಲೇರಿದಾಗ ಮಧ್ಯಲೋಕದಲ್ಲಿ ಒಂದು ರಜ್ಜು. ಅಲ್ಲಿಂದ ಮೂರೂವರೆ ರಜ್ಜು ಮೇಲೆ ಐದು. ತುತ್ತತುದಿಯಲ್ಲಿ ಮತ್ತೆ ಒಂದು. ಲೋಕದ ಒಟ್ಟು ಗಾತ್ರ ಏಳರ ಘನ, ಅಂದರೆ ೩೪೩ ಘನರಜ್ಜು ಎಂಬುದು ಆಗಮದ ಮಾತು. ಹಾಗಾದರೆ ಈ ಲೋಕವು ಅಡ್ಡಸೀಳಿನಲ್ಲಿ ದುಂಡಗಿದೆಯೋ, ಚೌಕಟ್ಟಾಗಿದೆಯೋ? ಮೃದಂಗದಂತೆ ದುಂಡಗಿದೆ ಎಂಬುದು ಒಂದು ಪಕ್ಷ. ವೀರಸೇನನು ಈ ಪಕ್ಷವನ್ನು ಬರಿಯ ಮಾತಿನಿಂದ ಅಲ್ಲಗಳೆಯಲಿಲ್ಲ. 'ದುಂಡಗಿದೆಯೆಂದೇ ಇಟ್ಟುಕೊಂಡು ಗಾತ್ರವನ್ನು ಲೆಕ್ಕಹಾಕೋಣ, ೩೪೩ ಬರುತ್ತದೆಯೋ ನೋಡೋಣ' ಎಂಬ ದಾರಿಯನ್ನು ಹಿಡಿದನು. ಪೂರ್ವಪಕ್ಷಕ್ಕೆ ಇಷ್ಟೊಂದು ಶ್ರಮವಹಿಸಿದ ಉದಾಹರಣೆಗಳು ನಮ್ಮ ಶಾಸ್ತ್ರಸಾಹಿತ್ಯದಲ್ಲಿ ಹೆಚ್ಚಿಲ್ಲ.

ಅಧೋಲೋಕವನ್ನು ಮಾತ್ರ ಎತ್ತಿಕೊಳ್ಳೋಣ. ಅದು ಬುಡದಲ್ಲಿ ಏಳು ರಜ್ಜು, ತುದಿಯಲ್ಲಿ ಒಂದು ರಜ್ಜು ವ್ಯಾಸವುಳ್ಳ, ಏಳು ರಜ್ಜು ಎತ್ತರದ, ತುದಿ ಕಡಿದ ಶಂಕುವಿನಾಕಾರ. ತುದಿ ತೆಗೆದ ಬೈಹುಲ್ಲಿನ ಬಣವೆಯನ್ನು ಕಣ್ಣಮುಂದೆ ತಂದುಕೊಂಡರೆ ಸಾಕು. ಮೊದಲು ನಟ್ಟನಡುವಿನಿಂದ ಒಂದು ರಜ್ಜು ವ್ಯಾಸದ ಕಂಬವೊಂದನ್ನು ತೆಗೆದಿಡಬೇಕು. ಉಳಿದುದು ಒಳಗೆ ಟೊಳ್ಳಾದ, ಬುಡದಲ್ಲಿ ಮೂರು ರಜ್ಜು ದಪ್ಪವಿದ್ದು ಮೇಲೆ ಸವೆದು ಸೊನ್ನೆಯಾಗುವ ಗೋಡೆ. ಇದನ್ನು ಮೇಲಿನಿಂದ ಕೆಳಕ್ಕೆ ಒಂದು ಕಡೆ ಸೀಳಿ ಹರವಿದರೆ ಅದು ತುಳುವರು ತಡ್ಪೆಯೆನ್ನುವ ಮೊರದಂತೆ, ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಇದರ ನಡುವಿನ ಪಟ್ಟಿಯನ್ನು ಬೇರ್ಪಡಿಸಿದರೆ ಅದು ಸರಳವಾದ ಬೆಣೆ; ಗಾತ್ರ ತೆಗೆಯುವುದು ಸುಲಭ. ತೊಡಕು ಇರುವುದು ಎರಡು ಮಗ್ಗುಲಿನ ಮೂಲೆತುಂಡುಗಳಲ್ಲಿ. ಅವು ಬುಡದಲ್ಲಿ ಅಗಲವೂ ದಪ್ಪವೂ ಆಗಿದ್ದು, ಮೇಲಕ್ಕೂ ಹೊರಬದಿಗೂ ಸವೆಯುತ್ತ ಚೂಪಾಗುತ್ತವೆ. ನೇರವಾಗಿ ಉದ್ದ, ಅಗಲ, ದಪ್ಪಗಳನ್ನು ಗುಣಿಸಿ ಅವುಗಳ ಗಾತ್ರವನ್ನು ಪಡೆಯಲಾಗುವುದಿಲ್ಲ.

ವೀರಸೇನನ ಉಪಾಯವೆಂದರೆ ಆ ಮೂಲೆತುಂಡನ್ನು ಎತ್ತರದ ನಡುವಿನಲ್ಲಿಯೂ ಅಗಲದ ನಡುವಿನಲ್ಲಿಯೂ ಕಡಿಯುವುದು. ಆಗ ನಡುವಿನಲ್ಲಿ ಒಂದು ಗಟ್ಟಿ, ಮೇಲೊಂದು, ಪಕ್ಕದಲ್ಲೊಂದು ಸಣ್ಣ ಮೂಲೆತುಂಡು ಹೀಗೆ ಮೂರಾಗುತ್ತವೆ. ನಡುವಿನ ಗಟ್ಟಿಯ ಗಾತ್ರ ಲೆಕ್ಕಕ್ಕೆ ಸಿಕ್ಕುತ್ತದೆ. ಮೂಲ ತುಂಡಿನ ಉದ್ದ, ಅಗಲ, ದಪ್ಪಗಳ ಅರ್ಧರ್ಧವನ್ನು ಗುಣಿಸಿದರೆ ಬರುವಷ್ಟು. ಉಳಿದ ಎರಡು ಸಣ್ಣ ತುಂಡುಗಳು ಮೊದಲಿನದರ ರೂಪದವೇ, ಆದರೆ ಎಲ್ಲ ಅಳತೆಗಳಲ್ಲಿಯೂ ಅರ್ಧ. ಆದ್ದರಿಂದ ಒಂದೊಂದರ ಗಾತ್ರ ಮೊದಲಿನದರ ಎಂಟನೆಯ ಒಂದು ಪಾಲು. ಎರಡೂ ಸೇರಿ ಕಾಲುಭಾಗ. ಅವುಗಳನ್ನು ಮತ್ತೆ ಅದೇ ರೀತಿ ಕಡಿದರೆ ಮತ್ತೆ ನಡುವಿನ ಗಟ್ಟಿಗಳು, ಮತ್ತೆ ಇನ್ನೂ ಸಣ್ಣ ಮೂಲೆತುಂಡುಗಳು. ಪ್ರತಿ ಸುತ್ತಿನಲ್ಲಿ ತುಂಡುಗಳ ಸಂಖ್ಯೆ ಇಮ್ಮಡಿಯಾಗುತ್ತದೆ, ಒಟ್ಟು ಗಾತ್ರ ಮಾತ್ರ ಹಿಂದಿನ ಸುತ್ತಿನದರ ಕಾಲುಭಾಗಕ್ಕೆ ಇಳಿಯುತ್ತದೆ. ಕಡಿಯುವುದು ಮುಗಿಯುವುದೇ ಇಲ್ಲ. ಆದರೂ ಮೊತ್ತ ಮುಗಿಯುತ್ತದೆ: ಮೊದಲ ಸುತ್ತಿನ ಗಟ್ಟಿಗಳ ಗಾತ್ರವನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಎಲ್ಲ ಸುತ್ತುಗಳ ಒಟ್ಟು ಗಾತ್ರ ದೊರೆಯುತ್ತದೆ. ಹಾಗ, ವೀಸ, ಕಾಣಿಗಳ ಶ್ರೇಢಿಯಲ್ಲಿ ನಾವು ಕಂಡದ್ದು ಇದನ್ನೇ. ಅಲ್ಲಿ ಮೊದಲ ಪದ ಕಾಲು, ಅದರ ನಾಲ್ಕು ಮೂರಾಂಶವೇ ಮೂರರಲ್ಲೊಂದು.

ಇಂದಿನ ದಶಮಾಂಶ ರೂಪದಲ್ಲಿ ಹೇಳುವುದಾದರೆ ಎರಡು ಮಗ್ಗುಲುಗಳ ಮೊದಲ ಸುತ್ತಿನ ಗಟ್ಟಿಗಳು ಸುಮಾರು ೪೯.೪೮ ಘನರಜ್ಜು, ಎರಡನೆಯ ಸುತ್ತಿಗೆ ೧೨.೩೭, ಮೂರನೆಯದಕ್ಕೆ ೩.೦೯. ಹತ್ತು ಸುತ್ತು ಮುಗಿಯುವಷ್ಟರಲ್ಲಿ ಎಣಿಕೆಗೆ ಸಿಗದೆ ಉಳಿಯುವುದು ಒಂದು ಘನರಜ್ಜುವಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಟ್ಟು ಮೊತ್ತ ೬೫.೯೭. ಇದಕ್ಕೆ ನಡುಗಂಬದ ೫.೭೫, ಬೆಣೆಯ ೩೪.೪೭ ಸೇರಿಸಿದರೆ ಅಧೋಲೋಕ ೧೦೬.೧೯ ಆಗುತ್ತದೆ. ಊರ್ಧ್ವಲೋಕದ ಎರಡು ಭಾಗಗಳನ್ನೂ ಇದೇ ಕ್ರಮದಲ್ಲಿ ಅಳೆದರೆ ೫೮.೦೫. ಎರಡೂ ಸೇರಿ ವೀರಸೇನನ ಉತ್ತರ ೧೬೪ ಘನರಜ್ಜುವಿನ ಮೇಲೆ ಒಂದು ಘನರಜ್ಜುವಿನ ೧೩೫೬ರಲ್ಲಿ ೩೨೮ ಪಾಲು. ಬೇಕಾದುದು ೩೪೩, ಬಂದುದು ಅದರ ಅರ್ಧಕ್ಕಿಂತಲೂ ಕಡಿಮೆ. ಆದುದರಿಂದ ಲೋಕ ದುಂಡಗಿರಲಾರದು ಎಂಬುದು ಅವನ ತೀರ್ಮಾನ. ಉತ್ತರ ದಕ್ಷಿಣವಾಗಿ ಎಲ್ಲೆಡೆಯೂ ಏಳು ರಜ್ಜು ದಪ್ಪವಿದೆಯೆಂದು ಹಿಡಿದರೆ ಕೆಳಭಾಗ ೧೯೬, ಮೇಲ್ಭಾಗ ೧೪೭, ಒಟ್ಟು ಸರಿಯಾಗಿ ೩೪೩. ವಿಚಿತ್ರವೆಂದರೆ ಅವನ ಗ್ರಂಥದ ಅತ್ಯಂತ ಸೂಕ್ಷ್ಮವಾದ ಗಣಿತವು ಅವನು ಒಪ್ಪದ ಲೋಕವೊಂದಕ್ಕೆ ವ್ಯಯವಾಗಿದೆ. ಅವನು ಒಪ್ಪಿದ ಲೋಕಕ್ಕೆ ಬರಿಯ ಗುಣಾಕಾರ ಸಾಕು.

೧೬೪ ಎಂಬ ಉತ್ತರವನ್ನು ಇಂದಿನ ಸೂತ್ರದಿಂದ ತಾಳೆನೋಡಿದರೆ ಸುಮಾರು ೧೬೧.೨೭ ಬರುತ್ತದೆ. ಮೂರು ಘನರಜ್ಜುಗಳ ಈ ವ್ಯತ್ಯಾಸವನ್ನು ಕಂಡು ಅನಂತ ಶ್ರೇಢಿಯ ವಿಧಾನವೇ ಸ್ಥೂಲವೆಂದು ಭಾವಿಸಬಾರದು. ವ್ಯತ್ಯಾಸದ ಮೂಲ ಪರಿಧಿಯ ನಿಯಮದಲ್ಲಿದೆ. ವ್ಯಾಸವನ್ನು ಹದಿನಾರರಿಂದ ಗುಣಿಸಿ, ಹದಿನಾರನ್ನು ಕೂಡಿ, ೧೧೩ರಿಂದ ಭಾಗಿಸಿ, ವ್ಯಾಸದ ಮೂರು ಪಟ್ಟನ್ನು ಸೇರಿಸುವುದು ಅವನು ಬಳಸಿದ ನಿಯಮ. ನಡುವೆ ಕೂಡುವ ಹದಿನಾರನ್ನು ಬಿಟ್ಟರೆ ಇದು ೧೧೩ಕ್ಕೆ ೩೫೫ ಎಂಬ ಅತ್ಯುತ್ತಮ ಪ್ರಮಾಣವಾಗುತ್ತಿತ್ತು. ಆ ಹದಿನಾರು ಸೇರಿದುದರಿಂದ ಒಂದು ರಜ್ಜು ವ್ಯಾಸದ ವೃತ್ತಕ್ಕೆ ಪರಿಧಿ ೩.೧೪ರ ಬದಲು ೩.೨೮ ಆಗಿದೆ. ಶ್ರೇಢಿಯ ಮೊತ್ತದಲ್ಲಿ ಎಳ್ಳಷ್ಟೂ ದೋಷವಿಲ್ಲ.

ಹಾಗಾದರೆ ಇದನ್ನು ಮಿತಿಯ ಗಣಿತವೆನ್ನಬಹುದೇ? ಹೋಲಿಕೆಗೆ ಇಬ್ಬರನ್ನು ತರುವುದು ಉಪಯುಕ್ತ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆರ್ಕಿಮಿಡೀಸನು ಪ್ಯಾರಾಬೋಲ ಎಂಬ ವಕ್ರರೇಖೆಯ ಖಂಡದ ಕ್ಷೇತ್ರಫಲವನ್ನು ತೆಗೆದಾಗ ಅವನಿಗೆ ದೊರೆತುದೂ ಕಾಲು ಕಾಲಿನ ಇದೇ ಶ್ರೇಢಿ, ನಾಲ್ಕು ಮೂರಾಂಶವೆಂಬ ಇದೇ ಉತ್ತರ. ಆದರೆ ಆತ ಅನಂತ ಪದಗಳನ್ನು ಕೂಡಲಿಲ್ಲ. ಎಷ್ಟು ಪದ ಕೂಡಿದರೂ ಉಳಿಯುವುದು ಕೊನೆಯ ಪದದ ಮೂರರಲ್ಲೊಂದು ಎಂದು ತೋರಿಸಿ, ಉತ್ತರ ಇದಕ್ಕಿಂತ ಹೆಚ್ಚಾಗಲಾರದು, ಕಡಿಮೆಯೂ ಆಗಲಾರದು ಎಂದು ಸಾಧಿಸಿದನು. ಇನ್ನೊಬ್ಬನು ನಮಗೆ ಹತ್ತಿರದವನು. ಕೇರಳದ ತಿರೂರಿನ ಬಳಿಯ ತೃಕ್ಕಂಡಿಯೂರಿನ ನೀಲಕಂಠ ಸೋಮಯಾಜಿ (ಜನನ ೧೪೪೪) ತನ್ನ ಆರ್ಯಭಟೀಯ ಭಾಷ್ಯದಲ್ಲಿ ಕಾಲು, ಹದಿನಾರರಲ್ಲೊಂದು, ಅರುವತ್ತನಾಲ್ಕರಲ್ಲೊಂದು ಎಂಬ ಶ್ರೇಢಿಯನ್ನೇ ಎತ್ತಿಕೊಳ್ಳುತ್ತಾನೆ. ಈ ಮೊತ್ತ ಮೂರರಲ್ಲೊಂದರವರೆಗೆ ಮಾತ್ರ ಬೆಳೆಯುತ್ತದೆ, ಅಲ್ಲಿಯವರೆಗೆ ಬೆಳೆದೇ ಬೆಳೆಯುತ್ತದೆ ಎಂಬುದು ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ತಾನೇ ಹಾಕಿಕೊಂಡು ಉತ್ತರಿಸುತ್ತಾನೆ. ಮಿತಿಯ ಎರಡು ಲಕ್ಷಣಗಳೂ, ಮೀರದಿರುವುದು ಮತ್ತು ಬೇಕಾದಷ್ಟು ಸಮೀಪಿಸುವುದು, ಈ ಒಂದು ಪ್ರಶ್ನೆಯಲ್ಲಿ ಅಡಗಿವೆ. ಯುರೋಪಿನಲ್ಲಿ ಕೋಶಿ ೧೮೨೧ರಲ್ಲಿ, ಆಮೇಲೆ ವೈಯರ್ಸ್ಟ್ರಾಸ್, ಇದಕ್ಕೆ ವ್ಯಾಖ್ಯೆಯ ಬಿಗಿಯನ್ನು ತಂದುಕೊಟ್ಟರು.

ವೀರಸೇನನಲ್ಲಿ ಇಲ್ಲದಿರುವುದು ನೀಲಕಂಠನ ಆ ಪ್ರಶ್ನೆ. ಅವನಿಗೆ ಮೊತ್ತ ಬೇಕಿತ್ತು, ಮೊತ್ತದ ಸಮರ್ಥನೆ ಬೇಕಿರಲಿಲ್ಲ. ಎದುರಾಳಿಯೂ ಅದನ್ನು ಕೇಳುವ ಸಂಭವವಿರಲಿಲ್ಲ. ಮೇಲಾಗಿ ಒಂದು ತಾತ್ತ್ವಿಕ ತೊಡಕೂ ಇದೆ. ಜೈನ ದರ್ಶನದಲ್ಲಿ ಆಕಾಶವು ಅವಿಭಾಜ್ಯವಾದ ಪ್ರದೇಶಗಳಿಂದ ಕೂಡಿದುದು. ಲೋಕಾಕಾಶದಲ್ಲಿ ಅವು ಅಸಂಖ್ಯಾತ, ಅನಂತವಲ್ಲ. ಈ ಎರಡು ಪದಗಳ ವ್ಯತ್ಯಾಸವನ್ನು ಧವಲೆಯಷ್ಟು ಸೂಕ್ಷ್ಮವಾಗಿ ಚರ್ಚಿಸಿದ ಗ್ರಂಥಗಳು ವಿರಳ. ಹಾಗಿರುವಾಗ ಕಡಿಯುವ ಕ್ರಿಯೆ ತತ್ತ್ವತಃ ಎಲ್ಲೋ ಒಂದೆಡೆ ಪ್ರದೇಶಕ್ಕೆ ಬಂದು ನಿಲ್ಲಲೇಬೇಕು. ಆದರೆ ಲೆಕ್ಕದಲ್ಲಿ ಅವನು ಎಲ್ಲಿಯೂ ನಿಲ್ಲಿಸಿಲ್ಲ. ನಿಲ್ಲಿಸಿದ್ದರೆ ನಾಲ್ಕು ಮೂರಾಂಶದಲ್ಲಿ ಕೊನೆಯ ಪದದ ಮೂರರಲ್ಲೊಂದು ಕಡಿಮೆಯಾಗಬೇಕಿತ್ತು. ಅವನ ಉತ್ತರದಲ್ಲಿ ಅಂತಹ ಕಡ್ಡಿಯಷ್ಟು ಕಡಿತವೂ ಇಲ್ಲ. ತತ್ತ್ವಜ್ಞಾನಿಯಾಗಿ ಅಸಂಖ್ಯಾತದಲ್ಲಿ ನಿಂತವನು ಗಣಿತಜ್ಞನಾಗಿ ಅದನ್ನು ದಾಟಿದನೆಂದೇ ನನ್ನ ಅಭಿಪ್ರಾಯ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬುದನ್ನು 'ಅರ್ಧಚ್ಛೇದ' ಎಂದು ಕರೆದು ಅದರ ನಿಯಮಗಳನ್ನು ಅವನೇ ವಿವರಿಸಿದ್ದಾನೆ. ಅರ್ಧಿಸುವ ಆ ಪಳಗಿದ ಕೈಗೆ ಘನವನ್ನು ಅರ್ಧರ್ಧ ಕಡಿಯುತ್ತ ಹೋಗುವುದು ಸಹಜವಾಗಿ ಬಂದಿರಬೇಕು.

ವೀರಸೇನನ ಅನಂತರದ ತಲೆಮಾರಿನಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ೮೫೦ರ ಹೊತ್ತಿಗೆ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಮಿತಿಯ ವಿಚಾರದಲ್ಲಿ ಈ ಗ್ರಂಥವು ಬೇರೊಂದು ಕಾರಣಕ್ಕೆ ಗಮನಾರ್ಹ. ಸೊನ್ನೆಯಿಂದ ಗುಣಿಸಿದ ರಾಶಿ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಭಾಗಿಸಿದ ರಾಶಿ ಬದಲಾಗದೆ ಉಳಿಯುತ್ತದೆ ಎಂದು ಮಹಾವೀರನು ಹೇಳುತ್ತಾನೆ. ಹಿಂದೆ ೬೨೮ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಛೇದವಾಗಿ ಹೊಂದಿದ ರಾಶಿಗೆ ಬೇರೆ ಹೆಸರನ್ನೇ ಕೊಟ್ಟು ಬಿಟ್ಟಿದ್ದನು. ಮುಂದೆ ೧೧೫೦ರಲ್ಲಿ ಭಾಸ್ಕರಾಚಾರ್ಯನು ಅದನ್ನು ಖಹರವೆಂದು ಕರೆದು ಅನಂತಕ್ಕೆ ಹೋಲಿಸಿದನು. ಮಹಾವೀರನ ನಿಯಮಕ್ಕೆ ಜನವ್ಯವಹಾರದ ತರ್ಕವೊಂದಿರಬಹುದು: ಪಾಲು ಪಡೆಯುವವರೇ ಇಲ್ಲದಿದ್ದರೆ ಮುಡಿ ಇದ್ದಂತೆಯೇ ಇರುತ್ತದೆ. ಗಣಿತದಲ್ಲಿ ಮಾತ್ರ ಇದು ನಿಲ್ಲುವುದಿಲ್ಲ. ಭಾಜಕವನ್ನು ಅರ್ಧ, ಕಾಲು, ವೀಸ, ಕಾಣಿ ಎಂದು ಕುಗ್ಗಿಸುತ್ತ ಹೋದರೆ ಭಾಗಲಬ್ಧ ಎರಡು, ನಾಲ್ಕು, ಹದಿನಾರು, ಅರುವತ್ತನಾಲ್ಕು ಎಂದು ಹಿಗ್ಗುತ್ತದೆ. ಈ ಪ್ರಬಂಧದ ಆರಂಭದ ಉದಾಹರಣೆಗೆ ಅವನ ನಿಯಮವನ್ನು ಹಚ್ಚಿದರೆ ಸೊನ್ನೆ ಉಳಿಯುತ್ತದೆ. ನಿಜವಾದ ಮಿತಿ ಎರಡು. ತಾಣವನ್ನು ಮುಟ್ಟಿ ನೋಡುವುದಕ್ಕೂ ತಾಣದತ್ತ ಸಾಗಿ ನೋಡುವುದಕ್ಕೂ ಇರುವ ಅಂತರವನ್ನು ಒಂದೇ ರಾಷ್ಟ್ರಕೂಟ ಪರಿಸರದ ಈ ಇಬ್ಬರು ಜೈನಾಚಾರ್ಯರು ತಮಗರಿವಿಲ್ಲದೆಯೇ ತೋರಿಸಿಕೊಟ್ಟಿದ್ದಾರೆ.

ಎರಡು ಗ್ರಂಥಗಳೂ ಲೋಕಕ್ಕೆ ತೆರೆದುಕೊಂಡ ಬಗೆಯಲ್ಲಿ ಮೂಡಬಿದಿರೆಯ ಪಾತ್ರವಿದೆ, ಆದರೆ ಬಗೆ ಬೇರೆ ಬೇರೆ. ಧವಲೆಯ ದರ್ಶನಕ್ಕಾಗಿ ದೂರದ ಯಾತ್ರಿಕರು ಬರುತ್ತಿದ್ದರು; ಓದುವವರಿಗೆ ಅವಕಾಶವಿರಲಿಲ್ಲ. ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದವರ ಪ್ರಯತ್ನದಿಂದ ೧೮೯೦ರ ದಶಕದಲ್ಲಿ ನಕಲಿನ ಕೆಲಸ ಆರಂಭವಾಗಿ ಮುಂದಿನ ಶತಮಾನದ ಎರಡು ದಶಕಗಳವರೆಗೂ ನಡೆಯಿತು. ಆ ನಕಲುಗಳೂ ಮೂಡಬಿದಿರೆಯಲ್ಲೇ ಉಳಿಯಬೇಕೆಂಬುದು ಕರಾರು. ಲಿಪಿಕಾರ ಗಜಪತಿ ಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರಿಗೆ ತಿರುಗಿ ಉತ್ತರಭಾರತದ ಭಂಡಾರಗಳಿಗೆ ಹರಡಿತು. ಅಂತಹ ನಕಲುಗಳ ಆಧಾರದಿಂದ ಹೀರಾಲಾಲ್ ಜೈನರು ಅಮರಾವತಿಯಲ್ಲಿ ೧೯೩೯ರಲ್ಲಿ ಪ್ರಕಟಣೆಯನ್ನು ಆರಂಭಿಸಿ ಹದಿನಾರು ಸಂಪುಟಗಳಲ್ಲಿ ಮುಗಿಸಿದರು. ಕೆಲಸ ಮುಂದುವರಿದಂತೆ ಮೂಡಬಿದಿರೆಯ ಮೂಲಗರಿಗಳೊಡನೆ ಪಾಠ ಹೋಲಿಸುವ ಅವಕಾಶವೂ ದೊರೆಯಿತು. ಲೋಕದ ಗಾತ್ರದ ಚರ್ಚೆಯಿರುವ ನಾಲ್ಕನೆಯ ಸಂಪುಟ ೧೯೪೨ರಲ್ಲಿ ಹೊರಬಂದಿತು. ಲಖನೌ ವಿಶ್ವವಿದ್ಯಾಲಯದ ಎ. ಎನ್. ಸಿಂಗ್ ಅವರು ಧವಲೆಯ ಗಣಿತವನ್ನು ಕುರಿತು ಬರೆದ ಲೇಖನ ಅದರಲ್ಲಿದೆ. ೧೯೭೯ರಲ್ಲಿ ಟಿ. ಎ. ಸರಸ್ವತಿ ಅಮ್ಮ ಅವರ ಭಾರತೀಯ ಜ್ಯಾಮಿತಿಯ ಇತಿಹಾಸ ಈ ಅನಂತ ವಿಧಾನವನ್ನು ಗಣಿತಜ್ಞರಿಗೆ ಪರಿಚಯಿಸಿತು.

ಗುಟ್ಟಾದ ನಕಲನ್ನು ಕಳವೆಂದು ಕರೆಯುವವರಿದ್ದಾರೆ, ಉದ್ಧಾರವೆನ್ನುವವರೂ ಇದ್ದಾರೆ. ಜಾನಪದದ ವಿದ್ಯಾರ್ಥಿಗೆ ಇಲ್ಲಿ ಕಾಣುವುದು ಎರಡು ಸಂಪ್ರದಾಯಗಳ ಮುಖಾಮುಖಿ. ಗ್ರಂಥವನ್ನು ಪೂಜೆಗೆ ಇಟ್ಟ ಸಂಪ್ರದಾಯವಿಲ್ಲದಿದ್ದರೆ ಕರಾವಳಿಯ ಮಳೆ, ಗೆದ್ದಲುಗಳ ನಡುವೆ ಈ ಗರಿಗಳು ಎಂಟು ಶತಮಾನ ಉಳಿಯುತ್ತಿರಲಿಲ್ಲ. ಓದಿ ನಕಲಿಸುವ ಸಂಪ್ರದಾಯವಿಲ್ಲದಿದ್ದರೆ ಅವುಗಳಲ್ಲಿ ಶ್ರೇಢಿಯಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲ.

ಗಣಿತಸಾರಸಂಗ್ರಹದ ಕಥೆ ಇಷ್ಟು ಬಿಗುವಿನದಲ್ಲ. ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಅಧಿಕಾರಿಯಾಗಿದ್ದ ಎಂ. ರಂಗಾಚಾರ್ಯರು ಐದು ಪ್ರತಿಗಳ ನೆರವಿನಿಂದ ಅದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಪ್ರಕಟಿಸಿದರು. ಭಂಡಾರದಲ್ಲಿದ್ದ ಮೂರೂ ಪ್ರತಿಗಳು ಅಪೂರ್ಣ. ಪೂರ್ಣಗ್ರಂಥ ದೊರೆತುದು ಎರಡರಲ್ಲಿ ಮಾತ್ರ: ಮೈಸೂರಿನ ಪ್ರಾಚ್ಯಗ್ರಂಥಾಲಯದ ಪ್ರತಿ ಒಂದು, ಮೂಡಬಿದಿರೆಯ ಜೈನಮಠದ ತಾಳೆಗರಿಯಿಂದ ಕಾಗದಕ್ಕೆ ಇಳಿಸಿದ ಪ್ರತಿ ಇನ್ನೊಂದು. ಎರಡನೆಯದನ್ನು ಒದಗಿಸಲು ಮೂಡಬಿದಿರೆಯ ಯು. ಬಿ. ವೆಂಕಟರಮಣಯ್ಯನವರು ನೆರವಾದುದನ್ನು ಸಂಪಾದಕರು ಮುನ್ನುಡಿಯಲ್ಲಿ ಸ್ಮರಿಸಿದ್ದಾರೆ. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಗ್ರಂಥಮಾಲೆಯಲ್ಲಿ ಹೊರಬಂದಿತು.

ಇಂದು ಈ ಸೀಮೆಯಲ್ಲಿ ಸಂಶೋಧಕನಿಗೆ ಹಿಂದಿನ ಅಡೆತಡೆಗಳಿಲ್ಲ. ಮೂಡಬಿದಿರೆಯ ಜೈನಮಠದ ರಮಾರಾಣಿ ಶೋಧ ಸಂಸ್ಥಾನ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹ, ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ತಾಡಪತ್ರ ಗ್ರಂಥಸೂಚಿ ಇವು ಕೈಗೆಟುಕುವಂತಿವೆ. ಬಂಟ್ವಾಳದಲ್ಲಿ ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ತುಳುನಾಡಿನ ದೈನಂದಿನ ಬಳಕೆಯ ಪರಿಕರಗಳಿವೆ. ಗರಿಯ ಗಣಿತವನ್ನೂ ಕಣಜದ ಗಣಿತವನ್ನೂ ಒಟ್ಟಿಗೆ ಓದಲು ಇದಕ್ಕಿಂತ ಒಳ್ಳೆಯ ಕ್ಷೇತ್ರ ಕರ್ನಾಟಕದಲ್ಲಿ ಬೇರೆಲ್ಲಿಯೂ ಇಲ್ಲವೆಂದು ನನಗೆ ತೋರುತ್ತದೆ.

ಅಂತಹ ಓದಿಗೆ ಆರಂಭವನ್ನು ಗಣಿತಸಾರಸಂಗ್ರಹದ ಮೂಡಬಿದಿರೆ ಪ್ರತಿಯಿಂದಲೇ ಮಾಡಬಹುದು. ಸಂಸ್ಕೃತ ಮೂಲದ ಜೊತೆಗೆ ಅದರಲ್ಲಿ ಪ್ರತಿಯೊಂದು ಉದಾಹರಣೆಯ ಅಂಕಿಗಳನ್ನೂ ಉತ್ತರವನ್ನೂ ಕನ್ನಡದಲ್ಲಿ ಚುಟುಕಾಗಿ ಬರೆದಿದೆ. ಮದರಾಸಿನ ಎರಡು ಕನ್ನಡ ಲಿಪಿಯ ಗರಿಪ್ರತಿಗಳಲ್ಲಿಯೂ ಹಾಗೆಯೇ ಇದೆ. ಮೈಸೂರಿನ ಪ್ರತಿಯಲ್ಲಿ ವಲ್ಲಭನೆಂಬವನ ಕನ್ನಡ ಟೀಕೆಯಿದೆ. ತೆಲುಗಿನಲ್ಲಿಯೂ ಟೀಕೆ ಬರೆದುದಾಗಿ ಅವನು ಹೇಳಿಕೊಂಡಿದ್ದಾನೆ. ಪೂಜೆಗಾಗಿ ಇಟ್ಟ ಗ್ರಂಥಕ್ಕೆ ಉತ್ತರಗಳ ಪಟ್ಟಿ ಬೇಕಾಗುವುದಿಲ್ಲ. ಇವು ಯಾರೋ ಉಪಾಧ್ಯಾಯನು ಲೆಕ್ಕ ಕೊಟ್ಟು, ಹುಡುಗರ ಉತ್ತರವನ್ನು ತಾಳೆನೋಡಲು ಬರೆದುಕೊಂಡ ಸಾಲುಗಳು.